ಒದ್ದೆ ಜಗಲಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ಎಲ್ಲಿ ಬೇಕೋ ಅಲ್ಲಿ ಬಿಟ್ಟು, ಬೇಡದ ಕಡೆ ಬಿಡಿಸಿ ಹೇಳಿಬಿಡುತ್ತೇನೆ. ಹೊಟ್ಟೆಗೆ ಹಾಕಿಕೊಳ್ಳಿ.

ಏಳು ಕೆರೆಗಳಾಚೆ ಒಂದು ರಾಜ್ಯ. ಆ ರಾಜ್ಯದ ಒಂದು ಊರಿನಲ್ಲಿ ಭರಮಗೌಡ ಅಂತ ಒಬ್ಬ. ದೊಡ್ಡ ಮಣ್ಣಿನ ಮನೆ, ಮನೆಯ ಮುಂದೆ ಉದ್ದನೆಯ ಜಗಲಿ. ಜಗಲಿ ಗೊತ್ತಲ್ಲ? ಬಾಗಿಲಿನ ಹೊರಗೆ, ಗೋಡೆಗೆ ಅಂಟಿಕೊಂಡಿರುವ ಕಟ್ಟೆ. ಹೊತ್ತು ಮುಳುಗಿದ ಮೇಲೆ ಜಗಲಿ ದಣಿದು ಬಂದವರದು, ಅದು ಅಲ್ಲಿನ ಕಟ್ಟಳೆ. ಮಲಗಬೇಡ ಅನ್ನುವ ಹಾಗಿಲ್ಲ. ಅಂದರೆ ರಾಜನಿಗೆ ದೂರು ಹೋಗುತ್ತದೆ.

ಗೌಡನಿಗೆ ಇದು ಹಿಡಿಸಲಿಲ್ಲ. ಕಂಡವರ ಕೆಮ್ಮು, ಕಂಡವರ ಗೊರಕೆ ಯಾಕೆ ಕೇಳಬೇಕು? ಉಪಾಯ ಮಾಡಿದ. ದಸರಾ ಕಳೆದಾಗಿನಿಂದ ದಿನಾ ಸಂಜೆ ಜಗಲಿಗೆ ಕೊಡಗಟ್ಟಲೆ ನೀರು ಸುರಿಸಿದ. ಬೇಡ ಅಂದಂತೆಯೂ ಆಗಲಿಲ್ಲ, ಯಾರೂ ಮಲಗಿದಂತೆಯೂ ಆಗಲಿಲ್ಲ. ಊರವರು ನೋಡಿದರು. ಎಂಥ ಬುದ್ಧಿವಂತ ಅಂದರು.

ಮಾಗಿ ಚಳಿ ಬಂತು. ಚಾಪೆ ಹೆಣೆಯುವ ಮುದುಕಿ ಕೆಂಚವ್ವನ ಗುಡಿಸಲನ್ನು ಮಳೆಗಾಲದಲ್ಲೇ ಹಳ್ಳದ ನೀರು ಕೊಚ್ಚಿಕೊಂಡು ಹೋಗಿತ್ತು. ಕಂಕುಳಲ್ಲಿ ಒಂದು ಚಾಪೆ ಇರುಕಿಕೊಂಡು ಗೌಡನ ಮನೆಗೆ ಬಂದಳು.

"ಗೌಡ್ರೇ, ಒಂದು ಮೂಲೇಲಿ ಮುದುಡಿಕೊಳ್ತೀನಿ."

"ಅಯ್ಯೋ ಅಜ್ಜಿ, ಈಗಷ್ಟೇ ತೊಳೆಸಿದೆ. ಒಣಗಿದ ಮೇಲೆ ಬಾ."

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. "ಗೌಡ, ಗೋಡೆಯ ಬುಡ ನೀರು ಕುಡೀತಿದೆ." ಗೌಡ ಕೇಳಲಿಲ್ಲ.

ಮರುದಿನ ಅವಳು ಮತ್ತೆ ಬಂದಳು. ಜಗಲಿ ಒದ್ದೆ. ಹಲ್ಲಿ ಲೊಚಗುಟ್ಟಿತು. "ಗೌಡ, ಗೋಡೆ ಮೊಣಕಾಲಿನ ತನಕ ನೆಂದಿದೆ." ಗೌಡ ಹಲ್ಲಿಗೆ ಕಡ್ಡಿ ಎಸೆದ.

ಮೂರನೆಯ ದಿನ ಬಂದಾಗ ಅವಳಿಗೆ ಜ್ವರ. ಜಗಲಿಯನ್ನು ಅಂಗೈಯಿಂದ ಮುಟ್ಟಿ ನೋಡಿ ನಕ್ಕಳು.

"ನಿಮ್ಮ ಜಗಲಿಗೆ ಅದೆಷ್ಟು ಬಾಯಾರಿಕೆ ಗೌಡ್ರೇ! ದಿನಾ ಕುಡಿದರೂ ತೀರಲಿಲ್ಲವಲ್ಲ."

ಗೌಡನ ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತಿದ್ದಳು. "ಒಳಗೆ ಕರೀರಿ ಅಂದ್ರೆ…" ಅಂದಳು. "ಇವತ್ತು ಕರೆದರೆ ನಾಳೆ ನಾಲ್ಕು ಜನ ಬರ್ತಾರೆ, ಸುಮ್ನಿರು" ಅಂದ ಗೌಡ. ಕೆಂಚವ್ವ ಕೆರೆ ಏರಿಯ ಕಡೆ ಹೊರಟುಹೋದಳು. ಹಲ್ಲಿ ಗೋಡೆ ಬಿಟ್ಟು ಹೊರಟೇಹೋಯಿತು.

ಹಲ್ಲಿಯೇ ಬಿಟ್ಟ ಮನೆ ನಿಲ್ಲುತ್ತದೆಯೇ? ಮರುದಿನ ದೀಪ ಹಚ್ಚುವ ಹೊತ್ತಿಗೆ ಮುಂದಿನ ಗೋಡೆ ಧೊಪ್ಪನೆ ಕುಸಿಯಿತು, ಸೂರು ಅದರ ಮೇಲೆ ಕೂತಿತು. ಗಂಡ ಹೆಂಡತಿ ಜೀವ ಹಿಡಿದುಕೊಂಡು ಹೊರಗೆ ಓಡಿದರು. ಗೌಡ ತಾನೇ ಸುರಿಸಿದ ನೀರಿಗೆ ತಾನೇ ಸೋತ.

ಪಕ್ಕದ ಮನೆಗೆ ಹೋದರು. ಜಗಲಿ ಒದ್ದೆ. ಎದುರು ಮನೆಗೆ ಹೋದರು. ಒದ್ದೆ. ಮೂರನೆಯ ಮನೆಯಾತ ಕೈಯಲ್ಲಿ ಕೊಡ ಹಿಡಿದೇ ನಿಂತಿದ್ದ.

"ಈಗಷ್ಟೇ ತೊಳೆದೆ ಗೌಡ್ರೇ. ನಿಮ್ಮನ್ನು ನೋಡೇ ಕಲಿತದ್ದು."

ಗೌಡನಿಗೆ ತಲೆ ಎತ್ತಲಾಗಲಿಲ್ಲ. ಇಬ್ಬರೂ ನಡೆದು ನಡೆದು ಕೆರೆ ಏರಿಯ ಹುಣಸೆಮರದ ಬುಡಕ್ಕೆ ಬಂದರು. ಅಲ್ಲಿ ಕೆಂಚವ್ವ ನಡುಗುತ್ತಾ ಮಲಗಿದ್ದಳು. ಇವರನ್ನು ಕಂಡು ಚಾಪೆಯ ಅಂಚಿಗೆ ಸರಿದಳು.

"ಬನ್ನಿ ಗೌಡ್ರೇ. ಇಲ್ಲಿ ಒಣಗಿದೆ."

ಅಷ್ಟೇ ಹೇಳಿದ್ದು. ಬೆಳಗಾದಾಗ ಚಾಪೆಯ ಮೇಲೆ ಗೌಡ ಎದ್ದ, ನೀಲವ್ವ ಎದ್ದಳು. ಕೆಂಚವ್ವ ಏಳಲಿಲ್ಲ.

ಗೌಡ ಎದೆ ಎದೆ ಬಡಿದುಕೊಂಡ. "ಕಾಲು ಹಿಡಿಯೋಣ ಅಂದುಕೊಂಡಿದ್ದೆ ಕಣೇ, ಬೆಳಗಾಗಲಿ ಅಂತ ಬಿಟ್ಟೆ."

"ಅವಳು ಕೇಳಿದ್ದು ಅರಮನೆಯಲ್ಲ," ಅಂದಳು ನೀಲವ್ವ. "ಒಣಗಿದ ಒಂದು ಮೂಲೆ."

ಬಿದ್ದ ಮನೆಯ ತೊಲೆಗಳನ್ನೆಲ್ಲ ಗೌಡ ಏರಿಗೆ ಹೊರಿಸಿದ. ತನ್ನ ಮನೆ ಏಳುವ ಮೊದಲು ಅಲ್ಲಿ ಮನೆಯಿಲ್ಲದವರಿಗೊಂದು ಮನೆ ಎದ್ದಿತು. ನೀರಿನ ಕೊಡ ಹಿಡಿದು ನಿಂತಿದ್ದವನೂ ಒಂದು ಕಂಬ ಹೊತ್ತು ತಂದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇಂದಿಗೂ ಆ ಊರಲ್ಲಿ ಹೊಸ ಮನೆ ಕಟ್ಟುವವರು ಮೊದಲ ತೊಲೆಯನ್ನು ಏರಿಯ ಮನೆಗೆ ಕೊಡುತ್ತಾರೆ.

ಯಾಕೆ ಕೊಡುತ್ತಾರೆ? ಪುಣ್ಯಕ್ಕೆ ಅನ್ನುವವರುಂಟು, ಹೆಸರಿಗೆ ಅನ್ನುವವರೂ ಉಂಟು. ಅದಲ್ಲ. ಆಗ ಕೊಡದೆ ಹೋದದ್ದನ್ನು ಕೆಂಚವ್ವನಿಗೆ ಇನ್ನು ಕೊಡಲಾಗುವುದಿಲ್ಲ. ಅದಕ್ಕೇ ಮುಂದೆ ಬರುವವರಿಗೆ ಕೊಡುತ್ತಾರೆ. ಸೂರಿದ್ದವನು ಸೂರಿಲ್ಲದವನಿಗೆ, ಅವನು ಬದುಕಿರುವಾಗಲೇ, ಜಾಗ ಕೊಡಬೇಕು. ಇದೇ ನೀತಿ. ಸರಿಯಾಗಿ ಹೇಳಿದೆನೋ ಇಲ್ಲವೋ, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಜಗಲಿ ಅಂದರೆ ಇಲ್ಲಿ ಬರೀ ಕಟ್ಟೆಯಲ್ಲ, ಅದು…

ಹಾಂ, ಬಂದೆ ಅತ್ತಿಗೆ! ಯಾರು? ಕತ್ತಲಾಯಿತು, ಇಲ್ಲೇ ಮಲಗಬಹುದಾ ಅಂತ ಕೇಳ್ತಿದ್ದಾರಾ? ಕೂರಿಸಿ, ಕೂರಿಸಿ, ಚಾಪೆ ತಂದೆ.