ಹಸಿರವ್ವ ಬಚ್ಚಿಟ್ಟ ಬಿಸಿಲು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಆಗ ಒಂದೇ ಓಣಿಯಲ್ಲಿ ಮೂವರ ಮನೆಯಿತ್ತು: ಹೊಳೆವ್ವ, ಗಾಳೆಪ್ಪ, ಮತ್ತೆ ಕಾಡಿನ ಯಜಮಾನಿ ಹಸಿರವ್ವ.

ದಿನಾ ಬೆಳಿಗ್ಗೆ ಸೂರ್ಯಪ್ಪ ಮೂರು ಮನೆಗೂ ಒಂದೊಂದು ಗಡಿಗೆ ಬಿಸಿಲು ಕಳಿಸುತ್ತಿದ್ದ. ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬ ರೂಢಿ ಆಗಲೇ ಇತ್ತು. ಸಂಜೆ ಹೊಳೆವ್ವ ಗಡಿಗೆಯಲ್ಲಿ ಒಂದು ಬೊಗಸೆ ಆವಿ ಹಾಕಿ ಕಳಿಸುವಳು. ಅಲೆಮಾರಿ ಗಾಳೆಪ್ಪನ ಮನೆಯಲ್ಲಿ ಏನಿರುತ್ತದೆ ಹೇಳಿ? ಅವನು ಎಲ್ಲಿಂದಲೋ ತಂದ ಮೋಡದ ತುಂಡೊಂದನ್ನು ಹಾಕುವನು. ಹಸಿರವ್ವ ನಾಲ್ಕು ಚಿಗುರೆಲೆ ಇಡುವಳು. ಮರುದಿನ ಗಡಿಗೆ ಮತ್ತೆ ತುಂಬಿ ಬರುವುದು.

ಒಂದು ದಿನ ಹಸಿರವ್ವನ ಕಣ್ಣು ಹೊಳೆವ್ವನ ಅಂಗಳದ ಮೇಲೆ ಬಿತ್ತು. ಅಲ್ಲಿ ಬಿಸಿಲು ಅಲೆ ಅಲೆಯ ಮೇಲೂ ಮಿನುಗುತ್ತಿತ್ತು. ತನ್ನ ಮನೆಯಲ್ಲಿ ನೋಡಿದರೆ, ಬಿಸಿಲು ಎಲೆಯೊಳಗೆ ಇಳಿದು ಸದ್ದಿಲ್ಲದೆ ಕೂತುಬಿಡುತ್ತಿತ್ತು. ಮಿನುಗೂ ಇಲ್ಲ, ಏನೂ ಇಲ್ಲ.

ಹಸಿರವ್ವನಿಗೆ ತಡೆಯಲಾಗದಷ್ಟು ಹೊಟ್ಟೆಕಿಚ್ಚಾಯಿತು. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

"ಯಪ್ಪಾ, ಆಕಿಗೆ ಹೆಚ್ಚಿಗಿ ಕಳಸ್ತಿ, ನನಗ ಕಡಿಮಿ. ಯಾಕ?" ಎಂದು ಸೂರ್ಯಪ್ಪನನ್ನೇ ಕೇಳಿದಳು.

"ಗಡಿಗಿ ಎಲ್ಲಾ ಒಂದ ಅಳತಿ ಅದಾವ ಯವ್ವಾ. ನಿನ್ನ ಬಿಸಿಲು ನಿನ್ನೊಳಗ ಐತಿ, ಅದಕ್ಕ ಕಾಣವಲ್ದು."

ಹಸಿರವ್ವ ನಂಬಲಿಲ್ಲ. ಅವತ್ತು ಸಂಜೆ ಗಡಿಗೆ ಹಿಂದಿರುಗಿಸಲೇ ಇಲ್ಲ, ಬೇರಿನ ಕೆಳಗೆ ಬಚ್ಚಿಟ್ಟಳು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ಸೂರ್ಯಪ್ಪ ಸಂಕೋಚದ ಮನುಷ್ಯ. ಇಂದಲ್ಲ ನಾಳೆ ಕೊಟ್ಟಾಳು ಎಂದುಕೊಂಡು ಹೊಸ ಗಡಿಗೆ ಕಳಿಸುತ್ತಲೇ ಹೋದ. ಗಡಿಗೆಯ ಮೇಲೆ ಗಡಿಗೆ ಬಿದ್ದು ಭಾರವಾಗಿ, ಕೆಸರುನೆಲ ಕುಸಿಯಿತು. ಹಸಿರವ್ವ ಸೊಂಟದವರೆಗೆ ಹೂತುಹೋದಳು.

ಹೊಳೆವ್ವ ಓಡಿ ಬಂದಳು. "ಯಕ್ಕಾ, ಗಡಿಗಿ ಬಿಡು, ಕೈ ಕೊಡು."

"ನಾ ಬಿಟ್ರ ನೀ ಎತ್ತಿಕೊಂಡು ಹೋಗಾಕ?" ಎಂದಳು ಹಸಿರವ್ವ.

ಗಡಿಗೆಗಳನ್ನು ಅವಚಿಕೊಂಡೇ ಮುಳುಗಿದಳು. ಮೇಲೆ ಮಣ್ಣು ಬಿತ್ತು, ಮಣ್ಣಿನ ಮೇಲೆ ಕಲ್ಲು ಬಿತ್ತು. ಹೊಳೆವ್ವನ ಮಿನುಗನ್ನೇ ನೆನೆದು ಒಳಗೊಳಗೇ ಕುದಿಯುತ್ತ, ಯುಗಗಳು ಕಳೆಯುವಷ್ಟರಲ್ಲಿ ಅವಳ ಮೈ ಕಪ್ಪಾಗಿ ಕಲ್ಲಾಯಿತು. ಅವಳಿಗೆ ಕಲ್ಲಿದ್ದಲು ಎಂಬ ಹೆಸರು ಬಂದದ್ದು ಹಾಗೆ.

ಎಷ್ಟೋ ಕಾಲದ ಮೇಲೆ ಮನುಷ್ಯರು ಬಂದರು. ಅವರಲ್ಲಿ ಮೋನಪ್ಪ ಎಂಬ ಕಂಬಾರ ಒಂದು ದೊಡ್ಡ ಚಕ್ರ ಮಾಡಿ, ಅದಕ್ಕೆ ಅಯಸ್ಕಾಂತ ಕಟ್ಟಿ, ಸುತ್ತಲೂ ತಾಮ್ರದ ತಂತಿ ಸುತ್ತಿದ. ಚಕ್ರ ತಿರುಗಿದರೆ ಸಾಕು, ತಂತಿಯಲ್ಲಿ ಕರೆಂಟು ಹರಿದು ಊರಿನ ದೀಪ ಹತ್ತುತ್ತಿತ್ತು. ಒಂದು ದಿನ ಹೊಳೆವ್ವ ಧುಮುಕಿ ತಿರುಗಿಸುವಳು, ಒಂದು ದಿನ ಗಾಳೆಪ್ಪ ಬೀಸಿ ತಿರುಗಿಸುವನು.

ಒಂದು ಬೇಸಿಗೆಯಲ್ಲಿ ಹೊಳೆವ್ವ ಸೊರಗಿ ಬಡಕಲಾದಳು. ಗಾಳೆಪ್ಪನೋ, ಊರಲ್ಲೇ ಇಲ್ಲ. ಚಕ್ರ ನಿಂತಿತು. ಮೋನಪ್ಪ ನೆಲ ಅಗೆದ. ಹಸಿರವ್ವ ಸಿಕ್ಕಳು.

"ಅವರ ಕಡೆ ಇವತ್ತಿನ ಬಿಸಿಲು ಅಷ್ಟ ಐತಿ. ನನ್ನ ಕಡೆ ಯುಗದ ಬಿಸಿಲು ಐತಿ. ನಾ ಒಬ್ಬಾಕಿನ ತಿರಗಸ್ತೀನಿ" ಎಂದಳು.

"ಕೈಕಾಲು ಎಲ್ಲಿ ಅದಾವ ಯವ್ವಾ ನಿನಗ? ನೀ ಉರದು ನೀರು ಕುದಸಬೇಕು, ಆ ಉಗಿ ಚಕ್ರ ತಿರಗಸಬೇಕು. ನೀರಿಗೆ ಹೊಳೆವ್ವನ್ನ ಕೇಳಬೇಕಾಗ್ತೈತಿ" ಎಂದ ಮೋನಪ್ಪ.

ಹಸಿರವ್ವನ ಮುಖ ಇನ್ನಷ್ಟು ಕಪ್ಪಿಟ್ಟಿತು. ಇನ್ನೂ ಕಪ್ಪಾಗಲು ಜಾಗವಿತ್ತೇ ಎಂದು ನನ್ನನ್ನು ಕೇಳಬೇಡಿ.

"ಕೇಳು. ಆದ್ರ ನಾ ಕೇಳಿದೆ ಅಂತ ಹೇಳಬ್ಯಾಡ."

ಹೊಳೆವ್ವ ಎರಡು ಮಾತಾಡದೆ ಬಂದಳು. ಇದ್ದಷ್ಟು ನೀರನ್ನೇ ತಂದು ಹಂಡೆ ತುಂಬಿ ಕೂತಳು. ಕೆಳಗೆ ಹಸಿರವ್ವ ಹತ್ತಿಕೊಂಡಳು. ಯುಗದ ಗಡಿಗೆಗಳೆಲ್ಲ ಒಟ್ಟಿಗೇ ಒಡೆದವು. ಉಗಿ ನುಗ್ಗಿತು, ಚಕ್ರ ಗಿರ್ರನೆ ತಿರುಗಿತು, ಊರಿಗೆ ಊರೇ ಬೆಳಗಿತು.

"ಈಗ ಹೇಳು, ಯಾರದು ಹೆಚ್ಚು?" ಎಂದಳು ಹಸಿರವ್ವ.

"ನಿಂದ ಹೆಚ್ಚು ಯಕ್ಕಾ" ಎಂದಳು ಹೊಳೆವ್ವ ಹಂಡೆಯೊಳಗಿಂದ. "ಆಗಿನ ಕಾಲದಾಗ ನಿನ್ನ ಹಸಿರು ನೋಡಿ ನಾನೂ ಹೊಟ್ಟಿ ಉರಕೊಂತಿದ್ದೆ."

ಹಸಿರವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬೂದಿಯಾಗಿದ್ದಳು.

ಮರುದಿನ ಮೋನಪ್ಪ ಎಲ್ಲರನ್ನೂ ಕೂಗಿದ. ಉಗಿಯಾಗಿ ಮೇಲೆ ಹೋಗಿದ್ದ ಹೊಳೆವ್ವ ಮಳೆಯಾಗಿ ಇಳಿದು ಬಂದಳು. ಗಾಳೆಪ್ಪನೂ ಊರಿಗೆ ಬಂದ. ಹಸಿರವ್ವ ಬರಲಿಲ್ಲ. ಹಿಂದಿರುಗಿಸಬೇಕಿದ್ದ ಅವಳ ಗಡಿಗೆಗಳೇ ಒಡೆದ ಮೇಲೆ ಸೂರ್ಯಪ್ಪ ಅವಳಿಗೆ ಯಾವುದರಲ್ಲಿ ತುಂಬಿ ಕಳಿಸಬೇಕು?

ಅದಕ್ಕೇ ಇವತ್ತಿಗೂ ಅಣೆಕಟ್ಟಿನ ಚಕ್ರ, ಗುಡ್ಡದ ಮೇಲಿನ ಗಾಳಿಯಂತ್ರ, ಮಾಳಿಗೆಯ ಸೋಲಾರ್ ಪ್ಯಾನೆಲ್ ಎಲ್ಲಕ್ಕೂ ದಿನದ ಪಾಲು ಮತ್ತೆ ಮತ್ತೆ ಬರುತ್ತದೆ, ಕಲ್ಲಿದ್ದಲು ಮಾತ್ರ ಒಮ್ಮೆ ಉರಿದರೆ ಮುಗಿಯಿತು. ಅದರ ತುಂಡೊಂದು ಕೈಗೆ ಸಿಕ್ಕರೆ ಒಡೆದು ಬಿಸಿಲಿಗೆ ಹಿಡಿದು ನೋಡಿ, ಹಸಿರವ್ವ ಅಷ್ಟು ಕಾಲ ಹಂಬಲಿಸಿದ ಹೊಳೆಯ ಮಿನುಗು ಅದರೊಳಗೇ ಇರುತ್ತದೆ.