ಪೂಜೆಗಿಟ್ಟ ಕೀಲಿ

"ಬುದ್ಧಿ, ಮಾಡದ ತಪ್ಪನ್ನು ಮಾಡಿಲ್ಲ ಅಂತ ತೋರಿಸೋದು ಹೇಗೆ?"

ಕೇಳಿದವನು ಪ್ರಭುಲಿಂಗ. ಮಠದ ಕಾಲೇಜಿನಲ್ಲಿ ಅಧ್ಯಾಪಕರ ಮತ್ತು ಸಿಬ್ಬಂದಿಯ ಇಮೇಲ್ ಖಾತೆಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಯಾರಿಗೆ ಯಾವ ಕಾಗದ ಕಾಣಬೇಕು, ಯಾರಿಗೆ ಕಾಣಬಾರದು ಎಂಬುದು ಅವನ ಕೈಯಲ್ಲಿತ್ತು. ಬೇಕೆಂದರೆ ಪ್ರಾಂಶುಪಾಲರ ಪತ್ರವನ್ನೂ ಅವನು ತೆರೆಯಬಲ್ಲ. ತೆರೆದವನಲ್ಲ. ಆದರೂ ಅವನು ಒಳಗೆ ಕಾಲಿಟ್ಟರೆ ಅಧ್ಯಾಪಕರ ಕೊಠಡಿಯಲ್ಲಿ ಮಾತು ನಿಲ್ಲುತ್ತಿತ್ತು.

"ನಾನು ಒಬ್ಬರ ಪತ್ರವನ್ನೂ ಓದಿಲ್ಲ ಬುದ್ಧಿ. ಓದಿದೀಯ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಹೇಳಿದ್ರೆ ಉತ್ತರ ಕೊಡಬಹುದಿತ್ತು. ಬರೀ ಸುಮ್ಮನಾಗ್ತಾರೆ. ಈ ಕೆಲಸಾನೇ ಬಿಟ್ಟುಬಿಡೋಣ ಅನ್ನಿಸ್ತಿದೆ" ಎಂದ. ಹೇಳುವಾಗ ಅವನ ಬೆರಳು ಕೊರಳಲ್ಲಿದ್ದ ದಾರವನ್ನು ತಿರುವುತ್ತಿತ್ತು.

ಮಠದ ಗುರುಗಳು ಆ ಬೆರಳನ್ನೇ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಕೊಳವೆ ಬಾವಿಗೆ ಇಳಿಸುವ ಪಂಪುಗಳನ್ನು ಮಾರುತ್ತಿದ್ದ. ಸುತ್ತಲಿನ ಊರುಗಳಲ್ಲೂ ಅವನ ಅಂಗಡಿಗಳಿದ್ದವು. ಬಾಯಿಮಾತು ಗಾಳಿಗೆ ಹೋಗುತ್ತದೆ ಎಂಬುದು ಅವನ ಮತ. ರಜೆ ಬೇಕಾದರೂ, ದೂರು ಹೇಳಬೇಕಾದರೂ, ಎದುರಿಗೇ ಕುಳಿತವನೂ ಇಮೇಲ್ ಬರೆಯಬೇಕು ಎಂದು ಕಟ್ಟಪ್ಪಣೆ ಮಾಡಿದ್ದ.

ಆ ಖಾತೆಗಳನ್ನೆಲ್ಲ ನೋಡಿಕೊಳ್ಳಲು ಒಬ್ಬನನ್ನು ಇಟ್ಟುಕೊಂಡಿದ್ದ. ಅಂಗಡಿಯವರು ಅವನನ್ನು ಅಡ್ಮಿನ್ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆಯೋಣ. ಕೆಲಸದಲ್ಲಿ ಅವನು ಅಚ್ಚುಕಟ್ಟು. ಹೊಸಬರು ಬಂದರೆ ಖಾತೆ ತೆರೆಯುತ್ತಿದ್ದ, ಬಿಟ್ಟುಹೋದವರ ಖಾತೆಯನ್ನು ಅಂದೇ ಮುಚ್ಚುತ್ತಿದ್ದ. ಉಗ್ರಾಣದವನಿಗೆ ಉಗ್ರಾಣದ್ದು, ಲೆಕ್ಕದವನಿಗೆ ಲೆಕ್ಕದ್ದು, ಅದಕ್ಕಿಂತ ಹೆಚ್ಚು ಯಾರಿಗೂ ಕಾಣುತ್ತಿರಲಿಲ್ಲ. ಯಾರಾದರೂ ಫೋನ್ ಬದಲಾಯಿಸಿದರೆ ಹಳೆಯದನ್ನು ಮೊದಲು ಅವನ ಮುಂದೆ ಇಡಬೇಕು. ಅದರೊಳಗಿನ ಅಂಗಡಿಯ ಖಾತೆಯನ್ನು ಅವನು ತೆಗೆದ ಮೇಲೆಯೇ ಅದನ್ನು ಮಕ್ಕಳಿಗೋ ಮೈದುನನಿಗೋ ಕೊಡಬಹುದು. ಈ ನಿಯಮವನ್ನು ಎಲ್ಲರೂ ಪಾಲಿಸುತ್ತಿದ್ದರು. ವರ್ತಕ ಪಾಲಿಸುತ್ತಾನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಯಜಮಾನನನ್ನು ಕೇಳುವವರು ಯಾರು?

ಅಡ್ಮಿನ್ ಹತ್ತಿರ ಬೆರಳುದ್ದದ ಒಂದು ಕೀಲಿ ಇತ್ತು. ಕಂಪ್ಯೂಟರಿಗೆ ಅದನ್ನು ಚುಚ್ಚಿದರೆ ಯಾರ ಪತ್ರಗಳಾದರೂ ತೆರೆದುಕೊಳ್ಳುತ್ತಿದ್ದವು. ಅದಿಲ್ಲದೆ ಅವನಿಗೂ ಕಾಣುತ್ತಿರಲಿಲ್ಲ. ಕಳೆದುಹೋದೀತು ಎಂದು ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದ. ಅವನು ಅದನ್ನು ಬಳಸುತ್ತಿದ್ದದ್ದು ಅಪರೂಪ. ಆದರೆ ಜನರಿಗೆ ಕಾಣುವುದು ಬಳಕೆಯಲ್ಲ, ಕೊರಳು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೆ ಯಾರು ನಂಬುತ್ತಾರೆ? ಪಾಪ, ಅವನಿಗೆ ಮಜ್ಜಿಗೆ ಕುಡಿಯುವ ಆಸೆಯೂ ಇರಲಿಲ್ಲ.

ಹೀಗಿರುವಾಗ ಅಂಗಡಿಯ ಗುಟ್ಟುಗಳು ಹೊರಬೀಳತೊಡಗಿದವು.

ಮೊದಲು ಉಗ್ರಾಣದವನದು. ಅವನ ಮನೆಯಲ್ಲಿ ಅತ್ತೆ ಸೊಸೆಗೆ ಆಗುತ್ತಿರಲಿಲ್ಲ. ಬೇರೆ ಊರಿನ ಅಂಗಡಿಗೆ ಹಾಕಿದರೆ ಹೆಂಡತಿಯನ್ನು ಕರೆದುಕೊಂಡು ಹೋಗಿ ನೆಮ್ಮದಿಯಾಗಿರುತ್ತೇನೆ ಎಂದು ವರ್ತಕನಿಗೆ ಬರೆದಿದ್ದ. ಆ ವಾರವೇ ಅವನ ತಾಯಿಗೆ ವಿಷಯ ತಿಳಿಯಿತು. ಮನೆ ರಣರಂಗವಾಯಿತು. ಯಾರು ಹೇಳಿದರು ಎಂದರೆ ಮುದುಕಿ ಬಾಯಿ ಬಿಡಲಿಲ್ಲ.

ಆಮೇಲೆ ಬಿಲ್ ಬರೆಯುವ ಹೆಣ್ಣುಮಗಳದು. ಅವಳಿಗೆ ಗರ್ಭಕೋಶದ ಆಪರೇಷನ್ ಆಗಬೇಕಿತ್ತು. ಗಂಡಸರ ನಡುವೆ ಕೆಲಸ ಮಾಡುವವಳು, ಸಂಕೋಚದಿಂದ ವರ್ತಕನಿಗೆ ಮಾತ್ರ ಬರೆದಿದ್ದಳು. ಮರುದಿನ ಅಂಗಡಿಗೆ ಬಂದರೆ ವ್ಯಾನಿನ ಚಾಲಕನೂ ಅಯ್ಯೋ ಪಾಪ ಎಂದು ವಿಚಾರಿಸಿದ. ಅವಳು ಅಡ್ಮಿನ್ ಕುಳಿತಿದ್ದ ಕಡೆ ಒಮ್ಮೆ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನಿಗೆ ಬೈಗುಳ ತಿಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ವರ್ತಕ ಅವನನ್ನು ಕರೆಸಿದ.

"ನನಗೆ ಬಂದ ಕಾಗದ ಬರೆದವರಿಗೆ ಗೊತ್ತು, ನನಗೆ ಗೊತ್ತು. ಮೂರನೆಯವನು ಅಂದ್ರೆ ನೀನೇ."

"ನಾನು ತೆರೆದಿಲ್ಲ ಯಜಮಾನ್ರೇ. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದುಕೊಂಡಿದೆ ಅಂತ ಒಂದು ಸಲ ನೋಡೋಕೆ ಬಿಡಿ. ಗೊತ್ತಾಗುತ್ತೆ."

"ಚೆನ್ನಾಗಿದೆ! ಕದ್ದವನ ಕೈಗೇ ಕೀಲಿ ಕೊಟ್ಟು ಕಳ್ಳನ್ನ ಹುಡುಕಪ್ಪ ಅನ್ನಲಾ? ಹಬ್ಬ ಒಂದು ಕಳೀಲಿ. ಆಮೇಲೆ ಬೇರೆ ಕಡೆ ಕೆಲಸ ನೋಡ್ಕೊ."

ಕೆಲಸ ಹೋದರೆ ಇನ್ನೊಂದು ಸಿಗಬಹುದು. ಆದರೆ ಮಂದಿಯ ಪತ್ರ ಓದುತ್ತಾನೆ ಎಂಬ ಹೆಸರು ಹೊತ್ತವನಿಗೆ ಮತ್ತೆ ಅಂಥ ಕೆಲಸ ಕೊಡುವವರು ಯಾರು? ಆ ಹೆಸರು ಅವನಿಗಿಂತ ಮೊದಲೇ ಮುಂದಿನ ಊರು ಸೇರಿರುತ್ತದೆ. ಅವನು ಮನೆಯಲ್ಲಿ ಊಟಕ್ಕೆ ಕುಳಿತರೆ ಅರ್ಧಕ್ಕೇ ಎದ್ದುಬಿಡುತ್ತಿದ್ದ.

ಆಯುಧಪೂಜೆ ಬಂತು. ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿಯೊಬ್ಬನೂ ತನ್ನ ಕಸುಬಿನ ಸಲಕರಣೆಯನ್ನು ದೇವಿಯ ಪಟದ ಮುಂದೆ ಇಡಬೇಕು. ಮರುದಿನ ಬೆಳಗಿನ ಮಂಗಳಾರತಿಯ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ಚಾಲಕ ವ್ಯಾನಿನ ಕೀಲಿ ಇಟ್ಟ. ಮೆಕ್ಯಾನಿಕ್ ನಟ್ಟು ಬಿಗಿಯುವ ತನ್ನ ಪಾನಾಗಳನ್ನು ಇಟ್ಟ. ಬಿಲ್ಲಿನವಳು ಪೆನ್ನು ಇಟ್ಟಳು. ಅಡ್ಮಿನ್ ತನ್ನ ಕಂಪ್ಯೂಟರಿನ ಮೌಸನ್ನು ಬಿಚ್ಚಿಕೊಂಡು ಬಂದ.

ಉಗ್ರಾಣದವನಿಗೆ ಹೊಟ್ಟೆಯೊಳಗೆ ಉರಿ ಇತ್ತಲ್ಲ, ಸುಮ್ಮನಿರಲಿಲ್ಲ.

"ನಿಮ್ಮ ಆಯುಧ ಅದಲ್ಲ ಸ್ವಾಮಿ. ಕೊರಳಲ್ಲಿರೋದನ್ನ ಇಡಿ. ಒಂದು ದಿನವಾದ್ರೂ ನಾವು ನೆಮ್ಮದಿಯಾಗಿರ್ತೀವಿ."

ಎಲ್ಲರೂ ನಕ್ಕರು. ಅಡ್ಮಿನ್ ಮುಖ ಕೆಂಪಾಯಿತು. ಅವನು ದಾರವನ್ನು ತಲೆಯ ಮೇಲಿನಿಂದ ತೆಗೆದು, ಕೀಲಿಯನ್ನು ಪಾನಾಗಳ ಪಕ್ಕದಲ್ಲಿ ಇಟ್ಟ. ಅರ್ಚಕರು ಅದಕ್ಕೂ ಕುಂಕುಮ ಹಚ್ಚಿ, ಒಂದು ಚೆಂಡುಹೂ ಏರಿಸಿದರು. ಕುಂಬಳಕಾಯಿ ಒಡೆದದ್ದಾಯಿತು. ಅಡ್ಮಿನ್ ಕೈ ಆಗಾಗ ಬರಿದಾದ ಕೊರಳಿಗೆ ಹೋಗಿ ಹಿಂದಕ್ಕೆ ಬರುತ್ತಿತ್ತು.

ಪೂಜೆ ಮುಗಿದ ಮೇಲೆ ಲೆಕ್ಕ ಬರೆಯುವವನು ಒಂದು ಮೂಲೆಗೆ ಹೋಗಿ ಫೋನಿನಲ್ಲಿ ವರ್ತಕನಿಗೆ ಪತ್ರ ಬರೆದ. ಅವನ ಮಗಳನ್ನು ಗಂಡಿನ ಕಡೆಯವರು ಒಪ್ಪಿದ್ದರು. ರಜೆ ಬೇಕಿತ್ತು. ತಾಂಬೂಲ ಬದಲಾಯಿಸುವ ತನಕ ದಯವಿಟ್ಟು ಯಾರಿಗೂ ತಿಳಿಸಬೇಡಿ, ದೃಷ್ಟಿಯಾದೀತು ಎಂದು ಕೊನೆಗೆ ಸೇರಿಸಿದ. ವರ್ತಕ ಓದಿದ, ತಲೆಯಾಡಿಸಿದ, ಫೋನನ್ನು ಜೇಬಿಗೆ ಹಾಕಿಕೊಂಡ. ಅವನ ಬಾಯಿಂದ ಒಂದು ಮಾತೂ ಬರಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲೇ ಊಟ. ಎಲೆ ಹಾಕಿ ಹೋಳಿಗೆ ಬಡಿಸುತ್ತಿದ್ದರು. ಎಲ್ಲರೂ ಸಾಲಾಗಿ ಕುಳಿತಿದ್ದರು. ಅಡ್ಮಿನ್ ಅಕ್ಕಪಕ್ಕದ ಎರಡು ಎಲೆಗಳು ಮಾತ್ರ ಖಾಲಿ ಇದ್ದವು. ಅಷ್ಟರಲ್ಲಿ ವರ್ತಕನ ತಾಯಿ ಬಂದರು. ಬಹಳ ಒಳ್ಳೆಯ ಜೀವ. ಅಂಗಡಿಯವರನ್ನೆಲ್ಲ ಮನೆ ಮಕ್ಕಳಂತೆ ಕಾಣುವವರು. ಅವರ ಕೈಯಲ್ಲಿ ಒಂದು ಸೀರೆ, ಕುಪ್ಪಸದ ಕಣ, ಎಲೆ ಅಡಿಕೆ. ನೇರವಾಗಿ ಲೆಕ್ಕದವನ ಎದುರು ನಿಂತರು.

"ಮಗಳಿಗೆ ಗಂಡು ಗೊತ್ತಾಯ್ತಂತಲ್ಲಪ್ಪ! ತಗೋ, ಮಗೂಗೆ ಇದನ್ನ ಉಡಿಸು. ನೂರು ಕಾಲ ಬಾಳಲಿ."

ಲೆಕ್ಕದವನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. ಸಾಲಿನಲ್ಲಿ ಕುಳಿತವರ ಕಣ್ಣುಗಳು ಮೊದಲು ಅಡ್ಮಿನ್ ಕಡೆಗೆ ಹೋದವು, ಅಭ್ಯಾಸ ನೋಡು. ಅಲ್ಲಿಂದ ದೇವಿಯ ಪಟದ ಕಡೆಗೆ ತಿರುಗಿದವು. ಕೀಲಿ ಪಾನಾಗಳ ಪಕ್ಕದಲ್ಲೇ ಇತ್ತು. ಅದರ ಮೇಲಿನ ಚೆಂಡುಹೂ ಕೂಡ ಕದಲಿರಲಿಲ್ಲ.

"ಅಮ್ಮ, ನಿನಗೆ ಇದನ್ನ ಯಾರು ಹೇಳಿದ್ರು?" ಎಂದು ವರ್ತಕ ಎದ್ದು ನಿಂತ.

"ಯಾರು ಹೇಳಬೇಕು? ಇದರಲ್ಲೇ ಬಂತಲ್ಲೋ" ಎಂದು ತಾಯಿ ಕೈಚೀಲದಿಂದ ಒಂದು ಹಳೆಯ ಫೋನ್ ತೆಗೆದರು. "ಯುಗಾದಿಗೆ ನೀನು ಹೊಸದು ತಗೊಂಡು ಇದನ್ನ ನನಗೆ ಕೊಟ್ಟೆಯಲ್ಲ. ಸುಪ್ರಭಾತ ಹಾಕ್ಕೊಂಡು ಕೂತಿದ್ರೆ ಟಿಂಗ್ ಅನ್ನುತ್ತೆ, ಕಾಗದ ಬರುತ್ತೆ. ಪೂಜ್ಯರೇ ಅಂತ ಎಷ್ಟು ಮರ್ಯಾದೆಯಿಂದ ಬರೀತಾರೆ ಮಕ್ಕಳು! ನನಗೇ ಬರೆದಿದ್ದಾರೆ ಅಂದುಕೊಂಡೆ. ಬಿಲ್ಲಿನ ಹುಡುಗಿಗೆ ಆಪರೇಷನ್ ಅಂತಿತ್ತು, ದೇವಸ್ಥಾನದಲ್ಲಿ ಆಪರೇಷನ್ ಸಲೀಸಾಗಲಿ ಅಂತ ಎಲ್ಲರಿಗೂ ಕೇಳೋ ಹಾಗೆ ಅವಳ ಹೆಸರು ಹೇಳಿಸಿ ಅರ್ಚನೆ ಮಾಡಿಸಿದೆ. ಉಗ್ರಾಣದ ಇವನ ಮನೇಲಿ ಅತ್ತೆ ಸೊಸೆ ಜಗಳ ಅಂತಿತ್ತು, ಭಜನೇಲಿ ಇವನ ತಾಯಿಗೆ ಬುದ್ಧಿ ಹೇಳಿದೆ. ನಾನು ಹೇಳಿದ್ದು ಅಂತ ಎಲ್ಲೂ ಅನ್ನಬೇಡ ಅಂತ ಆಣೆನೂ ಹಾಕಿಸ್ಕೊಂಡೆ. ಯಾಕೋ, ತಪ್ಪಾಯ್ತಾ?"

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ವರ್ತಕನ ಪಾಡು. ಹುಡುಕಿದ್ದಷ್ಟೇ ಅಲ್ಲ, ಕೂಸು ಕದ್ದವನು ಎಂದು ಒಬ್ಬನನ್ನು ಹಿಡಿದೂ ಇದ್ದ. ವರ್ತಕ ತಲೆ ತಗ್ಗಿಸಿದ. ಬಿಲ್ಲಿನವಳು ಅಳುತ್ತಲೇ ನಕ್ಕುಬಿಟ್ಟಳು. ಅವಳು ನಕ್ಕದ್ದೇ ತಡ, ಸಾಲಿಗೆ ಸಾಲೇ ನಕ್ಕಿತು. ಉಗ್ರಾಣದವನು ತನ್ನ ಎಲೆಯನ್ನು ಎತ್ತಿಕೊಂಡು ಬಂದು ಅಡ್ಮಿನ್ ಪಕ್ಕದಲ್ಲಿ ಕುಳಿತ. ಬಡಿಸುವವನನ್ನು ಕರೆದು, ಇವರಿಗೆ ತುಪ್ಪ ಹಾಕಪ್ಪ ಎಂದ.

ಅಡ್ಮಿನ್‌ಗೆ ಅಂದು ಹಸಿವು ಮರಳಿ ಬಂತು. ಕೇಳಿ ಕೇಳಿ ಹೋಳಿಗೆ ಹಾಕಿಸಿಕೊಂಡ. ಅಕ್ಕಪಕ್ಕದವರು ಯಜಮಾನನ ಜಿಪುಣತನದ ಬಗ್ಗೆ ಪಿಸುಗುಟ್ಟುತ್ತಿದ್ದರು, ಅಡ್ಮಿನ್ ಇದ್ದಾನೆ ಎಂದು ನಿಲ್ಲಿಸಲಿಲ್ಲ. ಆ ಪಿಸುಮಾತು ಅವನಿಗೆ ಹೋಳಿಗೆಗಿಂತ ಸಿಹಿಯಾಗಿತ್ತು.

ಊಟವಾದ ಮೇಲೆ ಅವನು ತಾಯಿಯ ಫೋನಿನಿಂದ ಅಂಗಡಿಯ ಖಾತೆಯನ್ನು ತೆಗೆದ. ಅದಕ್ಕೆ ಕೀಲಿ ಬೇಕಿರಲಿಲ್ಲ. ಹಾಗಾದ್ರೆ ಇನ್ನು ನನಗೆ ಯಾರೂ ಬರೆಯಲ್ವಾ ಎಂದು ಆಕೆ ಮುಖ ಸಣ್ಣದು ಮಾಡಿಕೊಂಡರು. ಅವನು ಆಕೆಯದೇ ಹೆಸರಿನಲ್ಲಿ ಒಂದು ಖಾತೆ ತೆರೆದುಕೊಟ್ಟ. ಅದಕ್ಕೆ ಮೊದಲ ಪತ್ರ ಬರೆದವಳು ಬಿಲ್ಲಿನವಳು.

ಮರುದಿನ ಮಂಗಳಾರತಿ ಆಯಿತು. ವರ್ತಕ ತಾನೇ ಕೀಲಿಯನ್ನು ಎತ್ತಿ, ಕುಂಕುಮ ಒರೆಸಿ, ಎಲ್ಲರ ಎದುರು ಅಡ್ಮಿನ್ ಮುಂದೆ ಹಿಡಿದ. ತಪ್ಪಾಯಿತಪ್ಪ, ತಗೋ ಎಂದ.

ಅಡ್ಮಿನ್ ಕೈ ಚಾಚಲಿಲ್ಲ.

"ಬೇಡ ಯಜಮಾನ್ರೇ. ನಿನ್ನೆ ಇದು ಅಲ್ಲಿತ್ತು, ನಾನು ಉಳಿದೆ. ನನ್ನ ಕೊರಳಲ್ಲಿದ್ದಿದ್ರೆ ಅಮ್ಮನವರಿಗೂ ನಾನೇ ಹೇಳಿದೆ ಅಂತಿದ್ರಿ. ಇನ್ನು ಮೇಲೆ ಇದು ಎಲ್ಲರ ಕಣ್ಣಿಗೂ ಬೀಳೋ ಕಡೆ ಇರಲಿ."

ಅಂದಿನಿಂದ ಆ ಕೀಲಿ ದೇವಿಯ ಪಟದ ಕೆಳಗಿನ ಗಾಜಿನ ಬೀರುವಿನಲ್ಲಿ ಇತ್ತು. ಬೀರುವಿನ ಬೀಗದ ಕೈ ಬಿಲ್ಲಿನವಳ ಹತ್ತಿರ. ಯಾರದಾದರೂ ಪತ್ರ ತೆರೆಯಲೇಬೇಕಾದರೆ ಕಾರಣವನ್ನು ಬಾಯಿಬಿಟ್ಟು ಹೇಳಿ, ಇಬ್ಬರ ಎದುರು ತೆರೆಯಬೇಕು. ಅಂಥ ಸಂದರ್ಭ ಬರುತ್ತಿದ್ದದ್ದೇ ವಿರಳ. ಹೊಸ ಖಾತೆ ತೆರೆಯುವುದು, ಮರೆತ ಪಾಸ್‌ವರ್ಡ್ ಬದಲಾಯಿಸುವುದು, ಬಿಟ್ಟುಹೋದವರ ಖಾತೆ ಮುಚ್ಚುವುದು, ದಿನದ ಕೆಲಸಗಳೆಲ್ಲ ಅದಿಲ್ಲದೆ ನಡೆದವು. ಇಷ್ಟು ದಿನ ಅದನ್ನು ಸುಮ್ಮನೆ ಹೊತ್ತು ತಿರುಗಿದೆನಲ್ಲ ಎಂದು ಅವನಿಗೇ ನಗು ಬಂತು. ಬೇರೆ ಕಡೆ ಕೆಲಸ ಹುಡುಕುವ ಮಾತು ಮತ್ತೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಪ್ರಭುಲಿಂಗನ ಮುಖ ತಿಳಿಯಾಗಿತ್ತು. ತನ್ನ ಮೇಲಿನ ಅಪವಾದವೇ ಕಳೆದಂತೆ ಅವನು ಉಸಿರು ಬಿಟ್ಟ.

"ಪುಣ್ಯವಂತ ಬುದ್ಧಿ ಅವನು. ಸರಿಯಾದ ಹೊತ್ತಿಗೆ ಹಬ್ಬ ಬಂತು, ಪಾರಾದ. ನಮ್ಮ ಕಾಲೇಜಲ್ಲಿ ಆಯುಧಪೂಜೆಗೆ ಇನ್ನೂ ಬಹಳ ದಿನ ಇದೆ."

ಅವನ ಬೆರಳು ಇನ್ನೂ ಕೊರಳಿನ ದಾರದಲ್ಲೇ ಇತ್ತು. ದಾರದ ತುದಿಯಲ್ಲಿದ್ದ ಅಂಥದೇ ಕೀಲಿ ಅಂಗಿಯೊಳಗಿನಿಂದ ಹೊರಗೆ ಬಂದು ನೇತಾಡುತ್ತಿತ್ತು. ಗುರುಗಳು ಅದನ್ನು ನೋಡಿ ನಕ್ಕರು.

"ಹಬ್ಬ ಬರುವ ತನಕ ಕೀಲಿ ಕೆಳಗಿಡಬಾರದು ಅಂತ ನಿನಗೆ ಹೇಳಿದವರು ಯಾರಪ್ಪ?"

ಪ್ರಭುಲಿಂಗ ದಾರವನ್ನು ತಲೆಯ ಮೇಲಿನಿಂದ ತೆಗೆದ.