ಬೆಣ್ಣೆಯ ಅಳತೆ

"ಬಂದರಿಗೆ ಯಾವ ಕಡೆಯಿಂದ ಹೋಗಬೇಕಪ್ಪಾ?"

ಗುರು ಕೇಳಿದ್ದು ಮೀನಿನ ಬುಟ್ಟಿ ಹೊತ್ತವನನ್ನು. ಜಪಾನಿನ ಆ ಗುಡ್ಡದ ದಾರಿಯಲ್ಲಿ ಅವರೂ ಅವರ ಬಳಿ ಅಡುಗೆ ಕಲಿಯುವ ಶಿಷ್ಯೆಯೂ ಬೆಳಗಿನಿಂದ ಸುತ್ತುತ್ತಿದ್ದರು.

"ಬಂದರು ನಿಮ್ಮ ಬೆನ್ನ ಹಿಂದೆ ಇದೆಯಮ್ಮಾ," ಅಂದ ಅವನು.

ಶಿಷ್ಯೆ ನಕ್ಕಳು. "ಏಳು ದೇಶ ತಿರುಗಿದವರು ನೀವು!"

"ಹೊರಟದ್ದು ಒಂದಕ್ಕೇ. ದಾರಿ ತಪ್ಪಿ ಏಳಾಯಿತು," ಅಂದರು ಗುರು. "ನಡೆ, ಒಬ್ಬರಿಗೆ ಒಂದು ಊಟ ಬಾಕಿ ಇದೆ."

ಹಿಂದಕ್ಕೆ ತಿರುಗಿದಾಗ ಶಿಷ್ಯೆ ಕೇಳಿದಳು: "ಅಮ್ಮಾ, ಪಶ್ಚಿಮದ ಅಡುಗೆಯನ್ನು ಇಲ್ಲಿಯದರೊಂದಿಗೆ ಬೆರೆಸಲು ಕಲಿಸಿದಿರಿ. ಅದೆಷ್ಟು, ಇದೆಷ್ಟು? ಅಳತೆ ಮಾತ್ರ ಹೇಳಲಿಲ್ಲ."

ಗುರು ನಡೆಯುತ್ತಲೇ ಒಂದು ಕತೆ ಹೇಳಿದರು.

ಒಬ್ಬ ಬಾಣಸಿಗನಿದ್ದ. ಮೀನು, ತರಕಾರಿಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದರಲ್ಲಿ ನಿಸ್ಸೀಮ. ಅವನ ಬಳಿ ಒಬ್ಬ ಹೆಣ್ಣುಮಗಳು ಕಲಿತಳು. ಕಲಿತು, ಹಡಗು ಹತ್ತಿ ಪಶ್ಚಿಮಕ್ಕೆ ಹೊರಟಳು. "ಅಲ್ಲಿ ಕಲಿತದ್ದನ್ನು ಮೊದಲು ನಿಮಗೇ ಬಡಿಸುತ್ತೇನೆ," ಎಂದು ಮಾತು ಕೊಟ್ಟಳು.

ಐದು ವರ್ಷದ ನಂತರ ಬಂದಳು. ಮಾಂಸದ ತುಂಡಿಗೆ ಬ್ರೆಡ್ಡಿನ ಪುಡಿ ಹಚ್ಚಿ, ಬೆಣ್ಣೆಯಲ್ಲಿ ಕರಿದು, ಚಾಕು ಫೋರ್ಕುಗಳ ಜೊತೆ ಅವನ ಮುಂದಿಟ್ಟಳು. ಅವನು ತಟ್ಟೆಯನ್ನು ನೋಡಿದ. ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. "ಹಸಿವಿಲ್ಲ," ಎಂದು ಎದ್ದುಹೋದ.

ಬೆಣ್ಣೆ ಹೆಚ್ಚಾಯಿತೆಂದುಕೊಂಡು ಮರುದಿನ ಅರ್ಧಕ್ಕಿಳಿಸಿದಳು. ಹಸಿವಿಲ್ಲ. ಅದರ ಮರುದಿನ ಬೆಣ್ಣೆಯನ್ನೇ ಬಿಟ್ಟು ಎಣ್ಣೆಯಲ್ಲಿ ಕರಿದು, ಮೇಲೆ ಸೋಯಾ ಸಾಸ್ ಸುರಿದಳು. ಹಸಿವಿಲ್ಲ. ತನ್ನ ಅಡುಗೆಯನ್ನು ಆ ಬಾಣಸಿಗ ಒಪ್ಪಲಾರನೆಂದು ಸಿಟ್ಟಿನಲ್ಲಿ ಊರು ಬಿಟ್ಟಳು.

ಇಪ್ಪತ್ತು ವರ್ಷ ಕಳೆಯಿತು. ದೂರದ ಯಾವುದೋ ಊರಲ್ಲಿ, ಇವಳ ಬಳಿ ಊಟಕ್ಕೆ ಬಂದ ಹೊಸಬಳೊಬ್ಬಳು ಚಾಕು ಫೋರ್ಕುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಹಸಿವಿಲ್ಲ," ಅಂದಳು. ಆಗ ಇವಳಿಗೆ ಪಶ್ಚಿಮದ ತನ್ನ ಮೊದಲ ಊಟ ನೆನಪಾಯಿತು. ಅವನ್ನು ಹಿಡಿಯಲು ಬಾರದೆ, ಇವಳೂ ಅದೇ ಮಾತು ಹೇಳಿ ಬರಿಹೊಟ್ಟೆಯಲ್ಲಿ ಮಲಗಿದ್ದಳು.

"ಆಮೇಲೆ ಏನು ಮಾಡಿದಳಮ್ಮಾ?"

"ಬಂದರಿಗೆ ಹೊರಟಳು. ದಾರಿ ತಪ್ಪಿದಳು."

ಮಧ್ಯಾಹ್ನದ ಹೊತ್ತಿಗೆ ಬಂದರಿನ ಬಳಿ ಗುರು ಹುಡುಕುತ್ತಿದ್ದ ಮನೆ ಸಿಕ್ಕಿತು. ಬಾಗಿಲಲ್ಲಿ ಮುದುಕನೊಬ್ಬ ಕೂತಿದ್ದ. "ಬಂದೆಯಾ? ಈಗಲೇ ಹೇಳಿರುತ್ತೇನೆ, ನನಗೆ ಹಸಿವಿಲ್ಲ."

ಗುರು ಒಳಗೆ ಹೋಗಿ ಮಾಂಸ ಕರಿದರು, ಬೆಣ್ಣೆಯಲ್ಲೇ. ಒಲೆಯ ಪಕ್ಕದಲ್ಲೇ ಅದನ್ನು ಬೆರಳಗಲದ ಹೋಳುಗಳಾಗಿ ಕತ್ತರಿಸಿದರು. ಅನ್ನ, ಸಣ್ಣಗೆ ಹೆಚ್ಚಿದ ಎಲೆಕೋಸು, ಒಂದು ಜೊತೆ ಊಟದ ಕಡ್ಡಿ. ಚಾಕು ಅಡುಗೆಮನೆಯಲ್ಲೇ ಉಳಿಯಿತು.

ಮುದುಕ ತಟ್ಟೆಯನ್ನೇ ತುಸು ಹೊತ್ತು ನೋಡಿದ. ಕಡ್ಡಿಯಲ್ಲಿ ಒಂದು ಹೋಳು ಎತ್ತಿದ. ಮತ್ತೊಂದು. ಕೊನೆಯದನ್ನೂ ಮುಗಿಸಿ, "ಬೆಣ್ಣೆ ಜಾಸ್ತಿ," ಅಂದ. ಇನ್ನಷ್ಟು ಅನ್ನಕ್ಕೆ ಬಟ್ಟಲು ಚಾಚಿದ.

ಗುರು ಖಾಲಿ ತಟ್ಟೆಯನ್ನು ಶಿಷ್ಯೆಯ ಕೈಗೆ ಕೊಟ್ಟು ಹೇಳಿದರು:

"ಅಳತೆ ಕೇಳಿದೆಯಲ್ಲ, ಅದು ಈಗಲೂ ತಪ್ಪಿದೆಯಂತೆ, ಬರೆದುಕೋ."